ಮಾಳೇಗಾಂವದ ಕುದುರೆ

ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದವಳಿಗೆ ಯಾವ ಮಗು ಯಾವಾಗ ಶಾಲೆ ತಪ್ಪಿಸುತ್ತದೆ ಎಂಬುದು ಕೇಳದೆಯೇ ತಿಳಿಯುತ್ತದೆ. ತೊಗರಿ ರಾಶಿಯ ಕಾಲಕ್ಕೆ ಒಂದು ಗುಂಪು ಇಲ್ಲ, ಜಾತ್ರೆಯ ಕಾಲಕ್ಕೆ ಇನ್ನೊಂದು ಗುಂಪು ಇಲ್ಲ. ಆದರೆ ನನ್ನ ಎಂಟನೆಯ ತರಗತಿಯ ಒಬ್ಬ ಹುಡುಗಿಯ ಗೈರುಹಾಜರಿ ಮಾತ್ರ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಸೋಮವಾರ ಬಂದರೆ ಬುಧವಾರ ಇಲ್ಲ. ಆಮೇಲೆ ಹತ್ತು ದಿನ ಬಿಡದೆ ಬರುತ್ತಿದ್ದಳು. ಒಮ್ಮೆ ಮೈದುನನ ಮಗಳ ಲಗ್ನಕ್ಕೆಂದು ಮನೆಯಲ್ಲಿ ಪಂಚಾಂಗ ತಿರುವುತ್ತಿದ್ದಾಗ ಗಂಟು ಬಿಚ್ಚಿಕೊಂಡಿತು. ಪಂಚಾಂಗದ ಮುಹೂರ್ತದ ದಿನಗಳಿಗೂ ನನ್ನ ಪುಸ್ತಕದ ಗೈರುಹಾಜರಿಗೂ ಒಂದು ದಿನದ ವ್ಯತ್ಯಾಸವಿರಲಿಲ್ಲ. ಅವರಪ್ಪ ಮದುಮಗನ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರು. ಈ ಹುಡುಗಿ ಲಗಾಮು ಹಿಡಿದು ಮುಂದೆ ನಡೆಯುವವಳು.

ಮರುದಿನವೇ ಅವರ ಮನೆಗೆ ಹೋದೆ. ನಮ್ಮ ಹುಲಸೂರ ಈಗ ತಾಲೂಕು ಕೇಂದ್ರವಾದರೂ ನಡೆದು ಮುಗಿಯುವಷ್ಟೇ ಊರು. ಅಂಗಳದಲ್ಲಿ ಬಿಳಿಯ ಮುದಿ ಕುದುರೆ ಕಣಕಿ ತಿನ್ನುತ್ತಿತ್ತು. "ಹುಡುಗಿ ಜಾಣೆ ಇದ್ದಾಳೆ, ಈ ಕೆಲಸದಿಂದ ಅವಳನ್ನು ಬಿಡಿಸಿರಿ" ಎಂದು ಅರ್ಧ ತಾಸು ಉಪದೇಶ ಮಾಡಿದೆ. ಆತ ತಲೆ ತಗ್ಗಿಸಿ ಕೇಳಿ, "ಆಯ್ತ್ರಿ ಟೀಚರ್, ಇದಕ್ಕ ವಯಸ್ಸ ಆಗ್ಯಾದ. ಇದು ಹೋದಮ್ಯಾಲ ಈ ಧಂದಾನೇ ಬಿಟ್ಟಬಿಡ್ತೀನಿ" ಎಂದರು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಅವಳ ಮುಖ ನಾನು ನೋಡಲಿಲ್ಲ, ನೋಡಬೇಕೆಂದೂ ಅನಿಸಲಿಲ್ಲ. ಆ ಚಳಿಗಾಲದಲ್ಲಿ ಮುದಿ ಕುದುರೆ ಸತ್ತಿತು. ಸುದ್ದಿ ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು 'ಇನ್ನು ಹಾಜರಿ ಸರಿಯಾಗುತ್ತದೆ' ಎಂಬ ಮಾತು. ಹೇಳಲು ನಾಚಿಕೆಯಾದರೂ ಇದ್ದದ್ದನ್ನು ಬರೆಯುತ್ತಿದ್ದೇನೆ.

ಹಾಜರಿ ಸರಿಯಾಯಿತು, ನಿಜ. ಆದರೆ ಹುಡುಗಿಯ ಮೈ ಮಾತ್ರ ಬೆಂಚಿನ ಮೇಲೆ ಇರುತ್ತಿತ್ತು. ಅಷ್ಟರಲ್ಲಿ ಮಾಳೇಗಾಂವದ ಖಂಡೋಬಾ ಜಾತ್ರೆ ಬಂತು. ನಾವು ಮೈಲಾರ ಮಲ್ಲಣ್ಣ ಎಂದು ಕರೆಯುವ ದೇವರೇ ಗಡಿ ದಾಟಿದರೆ ಖಂಡೋಬಾ. ನಮ್ಮ ಖಾನಾಪುರದಲ್ಲಿಯೂ ಅವನೇ, ನಾಂದೇಡ ಜಿಲ್ಲೆಯ ಲೋಹಾ ತಾಲೂಕಿನ ಮಾಳೇಗಾಂವದಲ್ಲಿಯೂ ಅವನೇ. ಕುದುರೆ ಏರುವ ದೇವರು; ಅದಕ್ಕೇ ಇರಬೇಕು, ಮಾರ್ಗಶಿರ ಮಾಸದ ಆ ಜಾತ್ರೆಯಲ್ಲಿ ಕುದುರೆ ಸಂತೆಯೂ ದೊಡ್ಡದು. ಧಂದಾ ಬಿಡುತ್ತೇನೆ ಎಂದಿದ್ದ ಅಪ್ಪ ಸಾಲ ಮಾಡಿ ಅಲ್ಲಿಂದ ಒಂದು ಹೊಸ ಕುದುರೆ ಹೊಡೆದುಕೊಂಡು ಬಂದರು. ಕುದುರೆ ಎನ್ನುವುದು ಗೌರವದ ಮಾತು, ನೋಡಿದರೆ ಟಟ್ಟು. ಹೆಗಲಿನ ಎತ್ತರ ಐವತ್ತೆರಡು ಇಂಚು, ನನ್ನ ಹೊಲಿಗೆಯ ಟೇಪಿನಿಂದ ನಾನೇ ಅಳೆದಿದ್ದೇನೆ. ಕೆಂಪು ಮೈ, ಹಣೆಯ ಮೇಲೆ ಬಿಳಿ ಬೊಟ್ಟು, ಹೆಸರು ಮೋತಿ.

ಜಗಳವಾಡಲೆಂದೇ ಹೋದೆ. "ಏನ್ ಮಾಡ್ಬೇಕ್ರಿ ಟೀಚರ್" ಎಂದರು ಅವರು. "ನನಗ ಬ್ಯಾರೆ ಕೆಲಸ ಬರಂಗಿಲ್ಲ. ಹುಡುಗಿ ಎರಡ ದಿನ ಉಣ್ಣಲಿಲ್ಲ." ಕುದುರೆಯ ತುಟಿ ಸರಿಸಿ ಹಲ್ಲು ತೋರಿಸಿದರು. ನಡುವಿನ ನಾಲ್ಕು ಹಲ್ಲು ಬಂದಿವೆ, ಮೂಲೆಯ ಹಾಲುಹಲ್ಲು ಇನ್ನೂ ಬಿದ್ದಿಲ್ಲ, ಅಂದರೆ ನಾಲ್ಕು ವರ್ಷದ ಒಳಗಿನದು, ಇನ್ನೂ ಏನೂ ಕಲಿತಿಲ್ಲ. ಲಗ್ನದ ಹಲಗೆ, ತಾಶಾ, ಪಟಾಕಿ ಯಾವುದನ್ನೂ ಕೇಳಿಲ್ಲ. ಮುಂದಿನ ತುಳಸಿ ಲಗ್ನದ ಹೊತ್ತಿಗೆ ತಯಾರಾಗಬೇಕು, ಅಲ್ಲಿಯವರೆಗೆ ಬಾಡಿಗೆಯ ಒಂದು ರೂಪಾಯಿ ಬರುವುದಿಲ್ಲ. ಕಲಿಸುವವಳು ಅವಳೇ. ಶಾಲೆ ಬಿಟ್ಟ ಮೇಲೆ ಮಾತ್ರ ಎಂಬ ಕರಾರಿನ ಮೇಲೆ ನಾನು ಮನೆಗೆ ಬಂದೆ.

ಕರಾರು ಪಾಲಿಸುತ್ತಿದ್ದಾಳೋ ಇಲ್ಲವೋ ನೋಡಲೆಂದು ಒಂದು ಸಂಜೆ ಜೋಳ ಕೊಯ್ದ ಖಾಲಿ ಹೊಲಕ್ಕೆ ಹೋದವಳು ದಿನವೂ ಹೋಗತೊಡಗಿದೆ. ಸೀದಾ ಮುಂದಿನಿಂದ ನಡೆದುಹೋದ ಮೊದಲ ದಿನವೇ ಬೈಸಿಕೊಂಡೆ. "ನೆಟ್ಟಗ ಬರಬ್ಯಾಡ್ರಿ ಟೀಚರ್, ಅದಕ್ಕ ಕಾಣಂಗಿಲ್ಲ. ಹೆಗಲ ಕಡಿಂದ ಬರ್ರಿ." ಕುದುರೆಯ ಕಣ್ಣು ಎರಡು ಬದಿಗೆ ಇರುವುದರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ಹಣೆಯ ನೇರಕ್ಕೆ ಹತ್ತಿರವಿದ್ದದ್ದು ಮತ್ತು ಬಾಲದ ಹಿಂದಿನದು ಮಾತ್ರ ಕಾಣುವುದಿಲ್ಲ. ಮೊದಲೆರಡು ತಿಂಗಳು ಅವಳು ಹತ್ತಲೇ ಇಲ್ಲ. ಹಗ್ಗ ಹಿಡಿದು ನಡೆಸುವುದು, ನಿಲ್ಲಿಸುವುದು, ಬೆನ್ನ ಮೇಲೆ ಗೋಣಿಚೀಲ, ಆಮೇಲೆ ಜೀನು, ಆಮೇಲೆ ತಮ್ಮನನ್ನು ಅಡ್ಡ ಮಲಗಿಸಿ ನಾಲ್ಕು ಹೆಜ್ಜೆ. ಇಷ್ಟರಲ್ಲಿ ನನಗೆ ಬೆರಗೆನಿಸಿದ್ದು ಒಂದು. ಎಳೆದ ಹಗ್ಗವನ್ನು ಕುದುರೆ ನಿಂತ ಕ್ಷಣಕ್ಕೇ ಅವಳು ಸಡಿಲ ಬಿಡುತ್ತಿದ್ದಳು. ಎಳೆಯುವುದರಿಂದಲ್ಲ, ಬಿಡುವುದರಿಂದ ಅದು ಕಲಿಯುತ್ತದೆಯಂತೆ. ಬಿ.ಎಡ್. ಪರೀಕ್ಷೆಯಲ್ಲಿ ಪುನರ್ಬಲನದ ಬಗ್ಗೆ ಪುಟಗಟ್ಟಲೆ ಬರೆದಿದ್ದ ನಾನು ಅದನ್ನು ಕಣ್ಣಾರೆ ಕಂಡದ್ದು ಅಲ್ಲಿಯೇ.

ನನಗೂ ಒಂದು ಟಟ್ಟಿನ ಕಥೆ ಇದೆ. ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಕುರಿಗಾರರು ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುತ್ತಿದ್ದರು. ಅವರ ಇಡೀ ಸಂಸಾರ ಟಟ್ಟಿನ ಮೇಲೆ: ಹಾಸಿಗೆ, ಗಡಿಗೆ, ಕೋಳಿ, ಅದರ ಮೇಲೆ ಆಗತಾನೇ ಹುಟ್ಟಿದ ಕುರಿಮರಿ. ಭೀಮಾ ನದಿಯ ಬಯಲಿನ ಆ ಸಣ್ಣ ಗಟ್ಟಿ ಕುದುರೆಗಳಿಗೆ ಭೀಮಥಡಿ ಎಂಬ ಹೆಸರುಂಟು, ಅದೊಂದು ಬೇರೆಯೇ ತಳಿ ಎಂದು ಈಚೆಗೆ ಸರ್ಕಾರದ ಸಂಸ್ಥೆಯೂ ಒಪ್ಪಿ ನೋಂದಾಯಿಸಿದೆ. ಕುರಿಗಾರರ ಅಜ್ಜಿ ನನ್ನನ್ನು ಎತ್ತಿ ಅದರ ಮೇಲೆ ಕೂರಿಸಿದ್ದಳು. ಬದುವಿನ ತನಕ ಹೋಗಿ ತಿರುಗಿ ಬರುವಷ್ಟರಲ್ಲಿ ನಮ್ಮಜ್ಜಿ ನೋಡಿ, "ಹೆಣ್ಣಹುಡುಗಿ ಕುದುರಿ ಹತ್ತತಾಳೇನ, ಇಳಿಸವ್ವಾ ಅಕೀನ" ಎಂದು ಕೂಗಿದಳು. ಇಳಿದೆ. ಮತ್ತೆ ಹತ್ತಲಿಲ್ಲ.

ಮೈಸೂರು ದಸರೆಯ ಪಂಜಿನ ಕವಾಯತನ್ನು ಹುಡುಗಿ ಟಿ.ವಿ.ಯಲ್ಲಿ ನೋಡಿದ್ದಳು. ಬನ್ನಿಮಂಟಪದ ಮೈದಾನದಲ್ಲಿ ಪೊಲೀಸ್ ಸವಾರರು ಓಡುವ ಕುದುರೆಯ ಮೇಲಿಂದ ಬಾಗಿ ನೆಲದ ಗೂಟವನ್ನು ಭರ್ಜಿಯಿಂದ ಎತ್ತುತ್ತಾರಲ್ಲ, ಅದು ಅವಳ ಕನಸಿನಲ್ಲಿಯೂ ಬರುತ್ತಿತ್ತಂತೆ. 1982ರ ದಿಲ್ಲಿ ಏಷ್ಯಾಡ್‌ನಲ್ಲಿ ಆ ಆಟಕ್ಕೆ ನಮ್ಮ ರೂಪಿಂದರ್ ಸಿಂಗ್ ಬ್ರಾರ್ ಅವರಿಗೆ ಚಿನ್ನದ ಪದಕ ಬಂದಿತ್ತು ಎಂದು ನಾನು ಹೇಳಿದ ದಿನದಿಂದ ಕಣಕಿಯ ದಂಟನ್ನೇ ಭರ್ಜಿ ಮಾಡಿಕೊಂಡಳು. ನನಗೆ ಎದೆ ಢವಢವ. ಇದಕ್ಕಿಂತ ಸೌಮ್ಯವಾದ ಆಟ ಏನಾದರೂ ಇದೆಯೇ ಎಂದು ಇಂಗ್ಲೆಂಡಿನಲ್ಲಿರುವ ಅಕ್ಕನ ಮಗನನ್ನು ಫೋನಿನಲ್ಲಿ ಕೇಳಿದೆ. ಅವನು ಒಂದಿಷ್ಟು ವಿಡಿಯೋ ಕಳಿಸಿದ.

ನೋಡಬೇಕು ನೀವು ಅದನ್ನು! ಹತ್ತು ಹನ್ನೆರಡು ವರ್ಷದ ಮಕ್ಕಳು, ಹೆಣ್ಣುಮಕ್ಕಳೇ ಬಹಳ, ನಮ್ಮ ಮೋತಿಯಷ್ಟೇ ಎತ್ತರದ ಟಟ್ಟುಗಳ ಮೇಲೆ ನಮ್ಮ ಶಾಲೆಯ ಕ್ರೀಡಾದಿನದ ಆಟಗಳನ್ನೇ ಆಡುತ್ತಾರೆ. ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನಂತೆ ಸುಳಿದು ಬರುವುದು, ಬಾವುಟ ಕಿತ್ತು ಇನ್ನೊಂದು ಕಡೆ ಚುಚ್ಚುವುದು, ಕೋಲಿನ ತುದಿಗೆ ಲೋಟ ಸಿಕ್ಕಿಸುವುದು, ಓಡುವ ಕುದುರೆಯಿಂದ ಜಿಗಿದು ಪಕ್ಕದಲ್ಲಿ ಓಡಿ ಮತ್ತೆ ಹಾರಿ ಕೂರುವುದು. ಎಲಿಜಬೆತ್ ರಾಣಿಯ ಗಂಡ ಪ್ರಿನ್ಸ್ ಫಿಲಿಪ್, ದುಬಾರಿ ಕುದುರೆ ಇಲ್ಲದ ಸಾಮಾನ್ಯ ಮಕ್ಕಳೂ ಸ್ಪರ್ಧೆಗೆ ಬರಲಿ ಎಂದು 1957ರಲ್ಲಿ ಇದರ ಪಂದ್ಯ ಶುರುಮಾಡಿಸಿದರಂತೆ. ಇಂಥ ಆಟಗಳಿಗೆ ಅಲ್ಲಿನ ಹಳೆಯ ಹೆಸರು ಜಿಮಖಾನಾ! ನಾವು ಕಾಲೇಜಿನಲ್ಲಿ ಕಟ್ಟುತ್ತಿದ್ದ ಜಿಮಖಾನಾ ಫೀ ನೆನಪಾಗಿ ನಗು ಬಂತು. ಬ್ರಿಟಿಷರು ನಮ್ಮ ದೇಶದ ದಂಡಿನಲ್ಲಿದ್ದಾಗ ಇಲ್ಲಿಯ ಮಾತಿನಿಂದಲೇ ಕಟ್ಟಿಕೊಂಡ ಪದವದು. ಫೀ ನಾವು ಕಟ್ಟಿದೆವು, ಕುದುರೆ ಅವರ ಮಕ್ಕಳು ಹತ್ತಿದರು.

ಐದು ಬಿದಿರು ಗಳ ನೆಟ್ಟೆವು. ನನ್ನ ಹಳೆಯ ಸೀರೆಯ ಸೆರಗು ಬಾವುಟವಾಯಿತು, ಸ್ಟೀಲಿನ ತಂಬಿಗೆ, ಒಂದು ಬಕೀಟು. ವಿಡಿಯೋದ ಮಕ್ಕಳೆಲ್ಲರ ತಲೆಗೂ ಟೊಪ್ಪಿಗೆ ಇತ್ತು. ನಮ್ಮವಳ ತಲೆಗೆ ನಮ್ಮ ಮನೆಯವರ ಸ್ಕೂಟರಿನ ಹೆಲ್ಮೆಟ್ ಬಂತು. ಮೋತಿಗೆ ಬಾವುಟ ಪಟಪಟ ಎಂದರೆ ಸಾಕು, ನಾಲ್ಕು ಕಾಲೂ ನೆಲ ಬಿಡುತ್ತಿತ್ತು. ಅವಳು ಆ ಸೆರಗನ್ನು ಅದು ಹುರಳಿ ತಿನ್ನುವ ಬುಟ್ಟಿಯ ಪಕ್ಕದಲ್ಲಿಯೇ ಎಂಟು ದಿನ ಕಟ್ಟಿಟ್ಟಳು. ಗಳಗಳ ನಡುವೆ ತಿಂಗಳುಗಟ್ಟಲೆ ಬರೀ ನಡಿಗೆ. ತಮ್ಮ ಓಡಿಸು ಓಡಿಸು ಎಂದು ಕುಣಿದರೂ ಓಡಿಸಲಿಲ್ಲ. "ಮೊದಲೇ ಓಡ್ಲಿಕ್ಕ ಕಲಿಸಿದ್ರ ಗಳಾ ಕಂಡ ಕೂಡ್ಲೆ ತಲಿ ಕೆಡ್ತದ್ರಿ ಅದರದು." ನಡಿಗೆ ನೆಟ್ಟಗಾದ ಮೇಲೆ ದುಡಕಿ. ಲಗಾಮು ಒಂದೇ ಕೈಯಲ್ಲಿ, ಇನ್ನೊಂದು ಕೈ ಬಾವುಟಕ್ಕೆ ಬೇಕಲ್ಲ; ಹಾಗಾಗಿ ಕುತ್ತಿಗೆಗೆ ಲಗಾಮು ತಾಗಿದ ಕಡೆಯಿಂದ ದೂರ ತಿರುಗಬೇಕು ಎಂಬುದನ್ನು ಅದು ಕಲಿಯಬೇಕಿತ್ತು. ಎಡಕ್ಕೆ ಎಷ್ಟು ಸಲವೋ ಬಲಕ್ಕೂ ಅಷ್ಟೇ ಸಲ. ಇಪ್ಪತ್ತು ನಿಮಿಷ, ಒಮ್ಮೆ ಚೆನ್ನಾಗಿ ಮಾಡಿತೋ ಬೆಲ್ಲದ ಚೂರು, ಅಲ್ಲಿಗೆ ಮುಗಿಯಿತು. ನಮ್ಮ ಶಾಲೆಯ ಪೀರಿಯಡ್ಡು ನಲವತ್ತು ನಿಮಿಷ. ಇರಲಿ.

ದಸರೆಯ ಹೊತ್ತಿಗೆ ಐದೂ ಗಳ ಸುಳಿದು, ತಿರುಗಿ, ಬಕೀಟಿನ ಬಳಿ ಕಲ್ಲಿನಂತೆ ನಿಲ್ಲುತ್ತಿತ್ತು. ಈ ಸಂತೋಷದಲ್ಲಿಯೇ ನಾನು ಆ ತಪ್ಪು ಮಾಡಿದೆ.

ರಾಜ್ಯೋತ್ಸವದ ಮೆರವಣಿಗೆಗೆ ಕಿತ್ತೂರು ಚೆನ್ನಮ್ಮ ಬೇಕಿತ್ತು, ಚೆನ್ನಮ್ಮನಿಗೆ ಕುದುರೆ ಬೇಕಿತ್ತು. "ಕುದುರೆ ನನ್ನ ಜವಾಬ್ದಾರಿ" ಎಂದು ನಾನೇ ಸಭೆಯಲ್ಲಿ ಎದ್ದು ಹೇಳಿದೆ. ಹುಡುಗಿ ಹಿಂದಿನ ದಿನ ಬಂದು, "ಇನ್ನಾ ತಯಾರಿಲ್ರಿ ಟೀಚರ್. ಪಟಾಕಿಗಿ ಅಂಜ್ತದ" ಎಂದಳು. "ಒಂದೇ ಓಣಿ ಕಣೇ, ಏನಾಗುವುದಿಲ್ಲ" ಎಂದೆ. ಇನ್ನೊಂದು ಮಾತೂ ಹೇಳಬೇಕು. ಚೆನ್ನಮ್ಮನ ಪಾತ್ರಕ್ಕೆ ನಾನು ಆರಿಸಿದ್ದು ಅವಳನ್ನಲ್ಲ. ಬೆಳ್ಳಗೆ, ದುಂಡಗೆ, ಜರಿ ಸೀರೆ ಇರುವ ಮನೆಯ ಹುಡುಗಿಯನ್ನು. ಕುದುರೆ ಏರಬಲ್ಲವಳು ಲಗಾಮು ಹಿಡಿದು ಮುಂದೆ ನಡೆದಳು. ಏರಲಾರದವಳು ಜೀನಿನ ಗುಬುಟು ಹಿಡಿದುಕೊಂಡು ನಡುಗುತ್ತ ಮೇಲೆ ಕೂತಳು. ಆಗ ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಯಾರೋ ಉತ್ಸಾಹಿ ಹುಡುಗರು ಪಟಾಕಿಯ ಸರ ಹಚ್ಚಿದರು. ಮೋತಿ ಮುಂಗಾಲೆತ್ತಿತು. ಚೆನ್ನಮ್ಮ ಜಾರಿ ಬಿದ್ದಳು. ದೇವರ ದಯೆ, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಲಗಾಮು ಬಿಡದೆ ಹಿಡಿದ ಈ ಹುಡುಗಿಯ ಪಾದದ ಮೇಲೆ ಗೊರಸು ಬಿತ್ತು. ಆದರೂ ಬಿಡಲಿಲ್ಲ. ಕುಂಟುತ್ತ ಅದನ್ನು ಸಂದಿಯೊಳಗೆ ಎಳೆದುಕೊಂಡು ಹೋಗಿ, ಕುತ್ತಿಗೆಗೆ ಮುಖ ಒತ್ತಿ ನಿಂತಿದ್ದಳು. ನಾನು ಹತ್ತಿರ ಹೋದೆ. ಬಯ್ಯಲಿಲ್ಲ, ಅಳಲಿಲ್ಲ. "ಹೆಗಲ ಕಡಿಂದ ಬರ್ರಿ ಟೀಚರ್" ಎಂದಳು, ಅಷ್ಟೇ.

ಮರುದಿನ ಹೊಲದಲ್ಲಿ ನೋಡಿದರೆ ಹತ್ತು ತಿಂಗಳ ಕಲಿಕೆ ನೀರಿಗೆ ಹೋಗಿತ್ತು. ತಂಬಿಗೆ ಠಣ್ ಎಂದರೆ ಬೆವರು. ತುಳಸಿ ಲಗ್ನಕ್ಕೆ ಹೆಚ್ಚು ದಿನವಿರಲಿಲ್ಲ, ಅಪ್ಪನ ಸಾಲದ ಬಡ್ಡಿ ಬೆಳೆಯುತ್ತಿತ್ತು. ಅವರು ನನಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದಿನಿಂದ ಊಟದ ತಾಟು ಬಡಿಯುವ ಕೆಲಸ ನನ್ನದು. ಹುಡುಗಿ ಹೇಳಿಕೊಟ್ಟ ಹಾಗೆ, ಮೊದಲು ನೂರು ಹೆಜ್ಜೆ ದೂರದಲ್ಲಿ, ಮೆಲ್ಲಗೆ. ಕಿವಿ ನೆಟ್ಟಗಾದರೆ ನಿಲ್ಲಿಸುವುದಲ್ಲ, ಅಷ್ಟೇ ಸಪ್ಪಳದಲ್ಲಿ ಬಡಿಯುತ್ತಿರುವುದು. ಕಿವಿ ಸಡಿಲಾಗಿ ಬಾಯಿ ಆಡಿಸತೊಡಗಿದಾಗ ನಿಲ್ಲಿಸುವುದು. ಮರುದಿನ ಎರಡು ಹೆಜ್ಜೆ ಹತ್ತಿರ. ಐವತ್ತು ದಾಟಿದ ಟೀಚರಮ್ಮ ಸಂಜೆ ಹೊತ್ತು ಹೊಲದಲ್ಲಿ ನಿಂತು ತಾಟು ಬಡಿಯುವುದನ್ನು ನೋಡಿ ದಾರಿಹೋಕರು ಗ್ರಹಣ ಹಿಡಿದಿದೆಯೇನ್ರಿ ಎಂದು ಕೇಳಿದರು. ತಮ್ಮ ಹಲಗೆ ತಂದ. ಚೆನ್ನಮ್ಮನಾಗಿದ್ದ ಹುಡುಗಿಯೂ ಮೊಣಕೈ ಪಟ್ಟಿಯ ಸಮೇತ ಬಂದು ಗಳ ಹಿಡಿದಳು. ನಡಿಗೆ, ಮತ್ತೆ ದುಡಕಿ, ಮತ್ತೆ ಅದೇ ಐದು ಗಳ. ಆಟವೆಂದರೆ ಮೋತಿಗೆ ಇಷ್ಟ. ಗಳಗಳ ನಡುವೆ ಸುಳಿಯುವಾಗ ಅದು ಸಪ್ಪಳವನ್ನು ಮರೆಯುತ್ತಿತ್ತು. ಒಂದು ಸಂಜೆ ನಾನು ನಡುಗಳದ ಪಕ್ಕದಲ್ಲಿಯೇ ನಿಂತು ಜೋರಾಗಿ ಬಡಿಯುತ್ತಿದ್ದೆ. ನನ್ನ ಸೆರಗು ತಾಗುವಷ್ಟು ಹತ್ತಿರದಿಂದ ಸುಳಿದು ಹೋಯಿತು. ಹುಡುಗಿ ತುದಿಯ ಬಾವುಟ ಕಿತ್ತು ಬಕೀಟಿಗೆ ಹಾಕಿ, ಹೆಲ್ಮೆಟ್ಟಿನೊಳಗಿಂದ ಹಲ್ಲು ಬಿಟ್ಟಳು.

ಮೊದಲ ಲಗ್ನ ಶಾಲೆಯ ದಿನವೇ ಬಂತು. ಊಟದ ಬಿಡುವಿನಲ್ಲಿ ರಸ್ತೆಗೆ ಹೋಗಿ ನಿಂತೆ. ತಾಶಾ, ಬ್ಯಾಂಡು, ಅದರ ಹಿಂದೆ ಕುಂಚ ಗೊಂಡೆ ಕಟ್ಟಿಸಿಕೊಂಡ ಮೋತಿ, ಮೇಲೆ ಬಾಸಿಂಗದ ಮದುಮಗ, ಮುಂದೆ ಅವಳು. ಪಟಾಕಿ ಹಾರಿತು. ಮೋತಿಯ ಕಿವಿ ಒಮ್ಮೆ ನೆಟ್ಟಗಾಯಿತು. ಅವಳು ಲಗಾಮು ಎಳೆಯಲಿಲ್ಲ, ಇನ್ನಷ್ಟು ಸಡಿಲ ಬಿಟ್ಟಳು. ಕಿವಿ ಇಳಿಯಿತು, ಮೆರವಣಿಗೆ ಮುಂದೆ ಹೋಯಿತು.

ಮರುದಿನ ರಜೆಯ ಚೀಟಿ ತಂದುಕೊಟ್ಟಳು. ದುಂಡಗಿನ ಅಕ್ಷರ, ಒಂದೂ ಕಾಗುಣಿತದ ತಪ್ಪಿಲ್ಲ: 'ನಿನ್ನೆ ನಮ್ಮ ಕುದುರೆಯ ಮೊದಲನೆಯ ಲಗ್ನ ಇದ್ದ ಪ್ರಯುಕ್ತ ಶಾಲೆಗೆ ಬರಲು ಆಗಲಿಲ್ಲ.' ಓದಿ, ಸಹಿ ಮಾಡಿ, ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡೆ.