ಹೊಡೆದುಹಾಕುವ ಚಟ

ಬರೆಯುವುದಕ್ಕಿಂತ ಬರೆದದ್ದನ್ನು ಹೊಡೆದುಹಾಕುವುದೇ ನನಗೆ ಹೆಚ್ಚು ಇಷ್ಟ. ಬರೆಯುವಾಗ ತಲೆ ಕೆರೆದುಕೊಳ್ಳಬೇಕು, ಎದ್ದೆದ್ದು ಹೋಗಿ ಕಾಫಿ ಕುಡಿಯಬೇಕು, ಮುಂದಿನ ವಾಕ್ಯ ಎಲ್ಲಿದೆಯೋ ಎಂದು ಕಿಟಕಿಯಾಚೆ ನೋಡಬೇಕು. ತಿದ್ದುವಾಗ ಆ ತಾಪತ್ರಯವಿಲ್ಲ. ಸರಕು ಎದುರಿಗೇ ಬಿದ್ದಿದೆ, ಪೆನ್ನು ಹಿಡಿದು ಕೂತರಾಯಿತು. ಕರಡನ್ನು ನಾಲ್ಕಾರು ದಿನ ಮೇಜಿನ ಖಾನೆಗೆ ಹಾಕಿಟ್ಟು ತೆಗೆದರೆ ಇನ್ನೂ ಚೆನ್ನ. ಅಷ್ಟರಲ್ಲಿ ಅದು ಬೇರೆ ಯಾರೋ ಬರೆದಂತೆ ಕಾಣತೊಡಗಿರುತ್ತದೆ. ಬೇರೆಯವರ ತಪ್ಪು ನೋಡಲು ಯಾರಿಗೆ ತಾನೇ ಕನ್ನಡಕ ಬೇಕು?

ಮೊದಲ ಸುತ್ತಿನಲ್ಲಿ ಕೈಗೆ ಸಿಗುವುದು ಕಚೇರಿ ಕನ್ನಡ, ವರದಿ ಕನ್ನಡ. ‘ಈ ನಿಟ್ಟಿನಲ್ಲಿ’, ‘ಎಂದರೆ ತಪ್ಪಾಗಲಾರದು’, ‘ಎಂಬುದು ಗಮನಾರ್ಹ’. ಮಾತಾಡುವಾಗ ಒಮ್ಮೆಯೂ ಬಾಯಿಗೆ ಬಾರದ ಇವು ಪೆನ್ನು ಹಿಡಿದ ಕೂಡಲೇ ಎಲ್ಲಿಂದಲೋ ಬಂದು ಸಾಲಾಗಿ ಕೂರುತ್ತವೆ. ಈಚೆಗೆ ನನ್ನ ಕರಡಿನಲ್ಲಿ ಸಿಕ್ಕಿದ್ದು ಇದು: ‘ಈ ವರ್ಷ ಸುರಿದ ಭಾರೀ ಪ್ರಮಾಣದ ಮಳೆಯ ಕಾರಣದಿಂದಾಗಿ ನಮ್ಮ ಊರಿನ ಕೆರೆಯು ಸಂಪೂರ್ಣವಾಗಿ ಭರ್ತಿಯಾಗಿ ಕೋಡಿ ಬೀಳುವಂತಹ ಪರಿಸ್ಥಿತಿ ನಿರ್ಮಾಣವಾಯಿತು.’ ಮೊದಲು ‘ಪ್ರಮಾಣ’ ಹೋಯಿತು. ‘ಕಾರಣದಿಂದಾಗಿ’ ಅಷ್ಟುದ್ದ ಮಾಡುವ ಕೆಲಸವನ್ನು ಒಂದು ‘ಗೆ’ ಮಾಡುತ್ತದೆ. ತುಂಬದೆ ಕೋಡಿ ಬೀಳುವ ಕೆರೆ ಲೋಕದಲ್ಲಿಲ್ಲ, ಹಾಗಾಗಿ ‘ಸಂಪೂರ್ಣವಾಗಿ ಭರ್ತಿ’ಯೂ ಬೇಡ. ಪರಿಸ್ಥಿತಿಯನ್ನಂತೂ ಯಾರೂ ನಿರ್ಮಿಸಿರಲಿಲ್ಲ. ಕೊನೆಗೆ ಉಳಿದದ್ದು, ‘ಈ ಸಲದ ಮಳೆಗೆ ಊರ ಕೆರೆ ಕೋಡಿ ಬಿತ್ತು.’ ಊರಲ್ಲಿ ಯಾರನ್ನು ಕೇಳಿದ್ದರೂ ಹೀಗೇ ಹೇಳುತ್ತಿದ್ದರು.

ಉದ್ದ ವಾಕ್ಯಗಳ ಕಾಟ ಬೇರೆ ಬಗೆಯದು. ನಮ್ಮಲ್ಲಿ ಕ್ರಿಯಾಪದ ಬರುವುದು ಕಟ್ಟಕಡೆಗೆ, ‘ಇಲ್ಲ’ ಎನ್ನುವುದೂ ಅಲ್ಲೇ. ‘ನಿನ್ನೆ ಸಂತೆಯಿಂದ ಬರುವಾಗ ಸಿಕ್ಕಿದ, ಹಿಂದೆ ನಮ್ಮ ತೋಟ ನೋಡಿಕೊಳ್ಳುತ್ತಿದ್ದ, ಈಗ ಮಗಳ ಮನೆಯಲ್ಲಿರುವ’ ಎಂದು ಪೋಣಿಸುತ್ತ ಹೋದರೆ, ಯಾರ ಸುದ್ದಿ ಎಂದು ತಿಳಿಯುವ ಹೊತ್ತಿಗೆ ಓದುಗ ಸಂತೆಯಲ್ಲೇ ಕಳೆದುಹೋಗಿರುತ್ತಾನೆ. ಇಂಥದ್ದನ್ನು ಮೂರು ತುಂಡು ಮಾಡುವುದೇ ವಾಸಿ, ನಾಲ್ಕು ಪದ ಹೆಚ್ಚಾದರೂ ಚಿಂತೆಯಿಲ್ಲ. ಚಿಕ್ಕದಾದದ್ದೆಲ್ಲ ತಿಳಿಯಾಗುವುದಿಲ್ಲ. ‘ಅವನು’ ಬಿಟ್ಟರೂ ‘ಬಂದ’ ಎಂಬುದರಲ್ಲೇ ಅವನಿದ್ದಾನೆ, ನಿಜ. ಆದರೆ ಅಣ್ಣತಮ್ಮಂದಿರ ಜಗಳದಲ್ಲಿ ಸರ್ವನಾಮಗಳನ್ನೆಲ್ಲ ಕಿತ್ತೆಸೆದರೆ? ನಾನು ಕರಡನ್ನು ಗಟ್ಟಿಯಾಗಿ ಓದುತ್ತಿರುವಾಗ ಸೊಪ್ಪು ಸೋಸುತ್ತ ಕೂತ ಅತ್ತಿಗೆ ‘ಹೊಡೆದಿದ್ದು ಯಾರು?’ ಎಂದು ತಲೆ ಎತ್ತುತ್ತಾರೆ. ಅಲ್ಲೊಂದು ಹೆಸರು ಬರೆದುಕೊಳ್ಳುತ್ತೇನೆ. ಅವರು ತಲೆ ಎತ್ತದೆ ಸೊಪ್ಪು ಮುಗಿಸಿದರೆ ಬರಹ ಪಾಸು, ಅಥವಾ ಅವರು ಕೇಳಿಸಿಕೊಳ್ಳುತ್ತಿಲ್ಲ.

ಹೊಡೆದುಹಾಕುವ ಈ ರುಚಿ ನನಗೆ ಹತ್ತಿಸಿದ್ದು ‘ಕಸ್ತೂರಿ’. 1956ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾಗಿ, ಪಾ.ವೆಂ. ಆಚಾರ್ಯರ ಸಂಪಾದಕತ್ವದಲ್ಲಿ ಬೆಳೆದ ಆ ಮಾಸಪತ್ರಿಕೆಯಲ್ಲಿ ‘ಪುಸ್ತಕ ವಿಭಾಗ’ ಅಂತ ಒಂದಿತ್ತು. ಇಡೀ ಪುಸ್ತಕದ ಸಾರ ಒಂದೇ ಸಂಚಿಕೆಯಲ್ಲಿ. ಹಳೆಯ ಸಂಚಿಕೆಯ ಪಕ್ಕದಲ್ಲಿ ಮೂಲ ಪುಸ್ತಕವಿಟ್ಟುಕೊಂಡು, ಏನು ಬಿಟ್ಟರು, ಏನು ಉಳಿಸಿದರು ಎಂದು ಬೆರಳಿಟ್ಟು ನೋಡುವುದು ರಜೆಯ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಆಟ. ಕತ್ತರಿಸುವವನಿಗೆ ಪುಸ್ತಕದ ಮೇಲೆ ಎಷ್ಟು ಪ್ರೀತಿ ಇರಬೇಕು ಎಂಬುದು ಆಗ ತಿಳಿಯುತ್ತದೆ. ಪ್ರೀತಿಯಿಲ್ಲದವನು ಸುಮ್ಮನೆ ಕೊನೆಯ ಅರ್ಧ ಬಿಟ್ಟುಬಿಡುತ್ತಾನೆ.

ಕೈ ತಡೆಯಬೇಕಾದ ಜಾಗಗಳೂ ಇವೆ. ‘ಅಜ್ಜ ಹೋದರು’ ಎಂಬುದು ಸುದ್ದಿ. ‘ಅಜ್ಜ ಹೋಗಿಬಿಟ್ಟರು’ ಎನ್ನುವಲ್ಲಿ ಹೇಳುವವರ ಗಂಟಲೂ ಕೇಳುತ್ತದೆ. ಆ ‘ಬಿಟ್ಟರು’ ಲೆಕ್ಕಕ್ಕೆ ಹೆಚ್ಚುವರಿ, ಆದರೂ ಮುಟ್ಟಬಾರದು. ‘ಕಾಫಿಗೀಫಿ’ಯಲ್ಲಿ ‘ಗೀಫಿ’ಗೆ ಅರ್ಥವಿಲ್ಲವೆಂದು ತೆಗೆಯುವ ಅವಸರವೂ ಬೇಡ, ಆ ಗೀಫಿಯಲ್ಲಿ ಉಪ್ಪಿಟ್ಟು ಇದ್ದೀತು. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರಷ್ಟು ಹಿಂದಿನದು. ಅಲ್ಲಿಯ ಪ್ರಬಂಧಗಳು ಸುತ್ತಾಡುತ್ತವೆ, ಹರಟುತ್ತವೆ, ಆದರೆ ಪೆನ್ನು ಹಿಡಿದು ಕೂತರೆ ಹೊಡೆಯಲು ಏನೂ ಸಿಗುವುದಿಲ್ಲ. ನನ್ನಂಥ ಚಟದವರಿಗೆ ಇದು ಸ್ವಲ್ಪ ಬೇಸರದ ಸಂಗತಿಯೇ.

ಇಷ್ಟೆಲ್ಲ ಆಗಿ ಬರಹ ಕಳಿಸಿದ ಮೇಲೆ, ಪುಟ ತುಂಬುತ್ತಿಲ್ಲ, ಇನ್ನಷ್ಟು ಬರೆದುಕೊಡಿ ಎಂದು ಫೋನು ಬರುವುದುಂಟು. ಒಂದು ದೊಡ್ಡ ಚಿತ್ರ ಹಾಕಿಕೊಳ್ಳಿ ಎನ್ನುತ್ತೇನೆ.