ನೀರಿನ ಊರಿಗೆ ಹೋಗಿ ಬರುವ ದಾರಿ

ನಮ್ಮ ಸಂಘದ ಸದಸ್ಯರಲ್ಲಿ ಮಕ್ಕಳು, ಮೊಮ್ಮಕ್ಕಳು ಪರದೇಶದಲ್ಲಿರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಹಿಂದೆ ಬೇಸಿಗೆ ಬಂತೆಂದರೆ ಊರಿನ ಬಸ್ಸಿನ ಟಿಕೇಟಿಗೆ ಪರದಾಡುತ್ತಿದ್ದವರು ಈಗ ವೀಸಾದ ಅರ್ಜಿ ಹಿಡಿದು ನಿಲ್ಲುತ್ತಾರೆ. ಹೋಗಿ ಬಂದವರು ಅಲ್ಲಿನ ಅರಮನೆ, ಇಗರ್ಜಿ, ಚಿತ್ರಶಾಲೆಗಳ ವರ್ಣನೆಯನ್ನು ಧಾರಾಳವಾಗಿ ಮಾಡುತ್ತಾರೆ. ಆದರೆ ಅಲ್ಲಿಗೆ ಹೇಗೆ ತಲುಪಿದಿರಿ, ಅಲ್ಲಿಂದ ಹೇಗೆ ಹೊರಟಿರಿ ಎಂದು ಕೇಳಿದರೆ, "ಮಗ ಎಲ್ಲ ನೋಡಿಕೊಂಡ" ಎಂಬ ಒಂದೇ ಉತ್ತರ. ಮೊಣಕಾಲು ನೋವಿನವರಿಗೆ ಅರಮನೆಗಿಂತ ಮೊದಲು ಬೇಕಾದದ್ದು ದಾರಿ. ಆದುದರಿಂದ ವೆನಿಸ್ ನಗರದ ಬಗ್ಗೆ ಬರೆಯಲು ಕುಳಿತ ನಾನು ದಾರಿಯ ಮಾತನ್ನೇ ಹೇಳುತ್ತೇನೆ.

ನಾವು ಹೋದದ್ದು 2024ರ ಮೇ ತಿಂಗಳಲ್ಲಿ. ಮಿಲಾನಿನಲ್ಲಿ ನನ್ನ ಮಗನ ಸಂಸಾರ. ಹೆಂಡತಿ ಮೊಮ್ಮಗುವಿನ ಜೊತೆ ಅಲ್ಲಿಯೇ ಉಳಿದಳು. ವೆನಿಸ್ಸಿಗೆ ಹೊರಟವರು ನಾನು ಮತ್ತು ನನ್ನ ಅಕ್ಕ. ಅವಳಿಗೆ 76 ವರ್ಷ. ತಾಯಿ ಹೋದ ಮೇಲೆ ನನ್ನನ್ನು ಮುಂಬಯಿಗೆ ಕರೆತಂದು, ಪರೇಲಿನ ಒಂದೇ ಕೋಣೆಯ ಮನೆಯಲ್ಲಿಟ್ಟುಕೊಂಡು, ರಾತ್ರಿ ಶಾಲೆಗೆ ಕಳುಹಿಸಿದವಳು. ತನಗಾಗಿ ಏನನ್ನೂ ಕೇಳದ ಅಕ್ಕ ಈ ಪ್ರವಾಸದಲ್ಲಿ ಕೇಳಿದ್ದು ಒಂದೇ: "ರಸ್ತೆ ಇಲ್ದೆ ಹೊಳೆಯೇ ಇಪ್ಪ ಊರು ಉಂಟಂತಲ್ಲ, ಅಲ್ಲಿ ಒಂದ್ ರಾತ್ರಿ ಇರ್ಬೇಕು."

ವೆನಿಸ್ ಇರುವುದು ಸಮುದ್ರದ ಹಿನ್ನೀರಿನಲ್ಲಿ, ನೂರಕ್ಕೂ ಮಿಕ್ಕಿದ ಪುಟ್ಟ ದ್ವೀಪಗಳ ಮೇಲೆ. ಅವುಗಳ ನಡುವೆ ಕಾಲುವೆಗಳು, ಕಾಲುವೆಗಳ ಮೇಲೆ ನಾನೂರಕ್ಕೂ ಹೆಚ್ಚು ಸೇತುವೆಗಳು. ಊರೊಳಗೆ ಕಾರು ಇಲ್ಲ, ಸ್ಕೂಟರ್ ಇಲ್ಲ, ಸೈಕಲ್ ಹೊಡೆಯಲೂ ಅಪ್ಪಣೆಯಿಲ್ಲ. ಆಸ್ಪತ್ರೆಯ ಗಾಡಿ, ಪೊಲೀಸರ ಗಾಡಿ, ಕಸದ ಗಾಡಿ ಎಲ್ಲವೂ ದೋಣಿಗಳೇ. ಸ್ಮಶಾನವೂ ಬೇರೊಂದು ದ್ವೀಪದಲ್ಲಿರುವುದರಿಂದ ಕೊನೆಯ ಪ್ರಯಾಣಕ್ಕೂ ದೋಣಿ.

ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಈ ಊರಿಗೆ ನೆಲದ ಮೇಲಿನ ದಾರಿಯೇ ಇರಲಿಲ್ಲ. 1846ರಲ್ಲಿ, ಆಸ್ಟ್ರಿಯದ ಆಳ್ವಿಕೆಯಲ್ಲಿ, 222 ಕಮಾನುಗಳ ರೈಲುಸೇತುವೆ ಬಂತು. ಉದ್ದ ಮೂರೂವರೆ ಕಿಲೋಮೀಟರಿಗೂ ಮಿಕ್ಕದ್ದು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ನಮ್ಮ ಮುಂಬಯಿಯಲ್ಲಿ ಮಾಹಿಮಿನಿಂದ ಬಾಂದ್ರಾಕ್ಕೆ ಕಟ್ಟುದಾರಿಯಾದದ್ದನ್ನು ನೆನೆದರೆ, ಎರಡು ದ್ವೀಪನಗರಗಳು ಒಟ್ಟಿಗೇ ನೆಲಕ್ಕೆ ಕೈಚಾಚಿದಂತೆ ಕಾಣುತ್ತದೆ. ಆದರೆ ವೆನಿಸ್ಸಿನವರು ಆಸ್ಟ್ರಿಯದ ವಿರುದ್ಧ ದಂಗೆಯೆದ್ದು, 1849ರ ಮುತ್ತಿಗೆಯಲ್ಲಿ ಅದೇ ಸೇತುವೆಯ ಕೆಲವು ಕಮಾನುಗಳನ್ನು ತಾವೇ ಸಿಡಿಸಿದರು. ಕೊನೆಗೆ ಹಸಿವು ಮತ್ತು ಕಾಲರಾ ಬೇನೆಗೆ ಊರು ಸೋತಿತು. ದಾರಿಯೆಂಬುದು ಬಂಧುವನ್ನೂ ತರುತ್ತದೆ, ವೈರಿಯನ್ನೂ ತರುತ್ತದೆ. ಮೋಟಾರು ಓಡುವ ಸೇತುವೆ ಅದರ ಪಕ್ಕಕ್ಕೆ ಬಂದದ್ದು 1933ರಲ್ಲಿ.

ಇನ್ನು ಹೋಗುವ ಬಗೆ. ಮಿಲಾನಿನಿಂದ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ರೋಮಿನಿಂದ ಬರುವವರಿಗೆ ನಾಲ್ಕು ಗಂಟೆ. ಇಲ್ಲಿ ಒಂದು ಎಚ್ಚರ. ವೆನಿಸ್ ಎಂಬ ಹೆಸರು ಹೊತ್ತ ಮುಖ್ಯ ನಿಲ್ದಾಣಗಳು ಎರಡು. ಮೊದಲು ಬರುವ ಮೇಸ್ತ್ರೆ ದಡದ ಮೇಲಿನ ಊರು. ಕೊನೆಯದು ಸಾಂತಾ ಲೂಚಿಯಾ. ಹೊಳೆಯ ಊರು ನೋಡಬೇಕಾದವರು ಮೇಸ್ತ್ರೆಯಲ್ಲಿ ಏಳಬಾರದು, ಸೇತುವೆ ದಾಟಿ ರೈಲು ತಾನಾಗಿ ನಿಲ್ಲುವವರೆಗೆ ಕುಳಿತಿರಬೇಕು. ನಿಲ್ದಾಣದಿಂದ ಹೊರಗೆ ಬಂದರೆ ಟ್ಯಾಕ್ಸಿಯವರ ಗಲಾಟೆಯಿಲ್ಲ; ಮೆಟ್ಟಿಲ ಕೆಳಗೆ ದೊಡ್ಡ ಕಾಲುವೆಯೇ ಹರಡಿಕೊಂಡಿರುತ್ತದೆ.

ವಿಮಾನದಲ್ಲಿ ಬರುವವರಿಗೆ ಮಾರ್ಕೊ ಪೋಲೊ ಹೆಸರಿನ ನಿಲ್ದಾಣವುಂಟು, ದಡದ ಮೇಲೆ. ಅಲ್ಲಿಂದ ಬಸ್ಸಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಪಿಯಾತ್ಸಾಲೆ ರೋಮಾ ಎಂಬ ಚೌಕಕ್ಕೆ ಬರಬಹುದು. ಚಕ್ರದ ಗಾಡಿಗಳ ಆಟ ಅಲ್ಲಿಗೆ ಮುಗಿಯಿತು. ನಿಲ್ದಾಣದಿಂದಲೇ ದೋಣಿಯಲ್ಲೂ ಬರಬಹುದು: ಹತ್ತಾರು ಜನ ಹತ್ತುವ ದೋಣಿ ನಿಧಾನ, ಬಾಡಿಗೆಗೆ ಹಿಡಿಯುವ ದೋಣಿ ಚುರುಕು, ಎರಡನೆಯದರ ಬಾಡಿಗೆ ನೂರು ಯೂರೋ ಮೀರುತ್ತದೆ. ಸ್ವಂತ ಕಾರಿನವರು ಅದನ್ನು ಆ ಚೌಕದಲ್ಲೋ ಪಕ್ಕದ ತ್ರೊಂಕೆತ್ತೊ ದ್ವೀಪದಲ್ಲೋ ಬಿಡಬೇಕು. ಹಡಗಿನ ಪ್ರವಾಸಿಗಳಿಗೆ ಒಂದು ಮಾತು: ಭಾರಿ ಹಡಗುಗಳು ಊರಿನ ಎದುರಿಗೇ ಹಾಯ್ದು ಹೋಗುವುದನ್ನು 2021ರ ಆಗಸ್ಟಿನಿಂದ ನಿಷೇಧಿಸಿದ್ದಾರೆ.

ಮೇಸ್ತ್ರೆಯಲ್ಲಿ ವಸತಿ ಅಗ್ಗ, ಹತ್ತು ನಿಮಿಷದ ರೈಲು, ಅಲ್ಲಿಯೇ ಇರಿ ಎಂದು ಬಲ್ಲವರು ಹೇಳಿದರು. ಅಕ್ಕನ ಆಸೆಗಾಗಿ ನಾನು ಊರೊಳಗೇ ಹುಡುಕಿದೆ. ಹುಡುಕುವಾಗ ನೋಡಿದ್ದು ಕೋಣೆಯ ಅಂದವನ್ನಲ್ಲ, ನಿಲ್ದಾಣದಿಂದ ಕೋಣೆಗೆ ಎಷ್ಟು ಸೇತುವೆ ಎಂಬುದನ್ನು. ಅಲ್ಲಿನ ಸೇತುವೆಗಳೆಲ್ಲ ಬಹುತೇಕ ಮೆಟ್ಟಿಲಿನವು. ಪೆಟ್ಟಿಗೆಯ ಗಾಲಿ ಅಲ್ಲಿ ಉಪಯೋಗಕ್ಕಿಲ್ಲ. ನಿಲ್ದಾಣದ ಎಡಕ್ಕೆ ಲಿಸ್ತಾ ದಿ ಸ್ಪಾಞಾ ಎಂಬ ಬೀದಿ. ಅಲ್ಲಿಂದ ಸಾನ್ ಜೆರೆಮಿಯಾ ಇಗರ್ಜಿಯ ಬಯಲಿನವರೆಗೆ ಒಂದೂ ಸೇತುವೆಯಿಲ್ಲ. ಅಲ್ಲಿಯೇ ಕೋಣೆ ಹಿಡಿದೆ. ಮೊಣಕಾಲಿನವರು ಈ ಬೀದಿಯ ಹೆಸರನ್ನು ಬರೆದಿಟ್ಟುಕೊಳ್ಳಲಿ.

ಆ ಇಗರ್ಜಿಯ ಕಥೆಯೂ ದಾರಿಗೇ ಸೇರಿದ್ದು. ರೈಲು ನಿಲ್ದಾಣ ಕಟ್ಟಲು ಸಂತ ಲೂಚಿಯಾಳ ಇಗರ್ಜಿಯನ್ನು 1861ರಲ್ಲಿ ಕೆಡವಿದರು. ಅವಳ ಅವಶೇಷ ಸಾನ್ ಜೆರೆಮಿಯಾಕ್ಕೆ ಹೋಯಿತು, ಹೆಸರು ಮಾತ್ರ ನಿಲ್ದಾಣಕ್ಕೆ ಉಳಿಯಿತು. ಅವಳು ಕಣ್ಣು ಕಾಯುವ ಸಂತಳೆಂದು ನಂಬಿಕೆ. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಅಕ್ಕ ಒಳಗೆ ಹೋಗಿ ಕೈಮುಗಿದು ಬಂದಳು.

ಊರೊಳಗಿನ ಓಡಾಟಕ್ಕೆ ವಾಪೊರೆತ್ತೊ ಎಂಬ ಸಾರ್ವಜನಿಕ ದೋಣಿ. ನಾವು ಹೋದಾಗ ಒಂದು ಟಿಕೇಟಿಗೆ 9.50 ಯೂರೋ, 75 ನಿಮಿಷ ಚಲಾವಣೆ. ನಮ್ಮ ಲೆಕ್ಕದಲ್ಲಿ ದುಬಾರಿ. ಒಂದನೆಯ ನಂಬರಿನದು ನಿಂತು ನಿಂತು ಮುಕ್ಕಾಲು ಗಂಟೆಯಲ್ಲಿ ಸಾನ್ ಮಾರ್ಕೊ ತಲುಪುತ್ತದೆ. ಮುದುಕರಿಗೆ ಅದೇ ಲೇಸು, ಕುಳಿತಲ್ಲಿಂದಲೇ ಊರೆಲ್ಲ ಕಾಣುತ್ತದೆ. ಎರಡು ಯೂರೋಗೆ ದೊಡ್ಡ ಕಾಲುವೆಯನ್ನು ಅಡ್ಡಲಾಗಿ ದಾಟಿಸುವ ಗೊಂಡೋಲಾ ಕೂಡ ಉಂಟು. ಹುಟ್ಟು ಹಾಕುವವರು ಇಬ್ಬರು, ತುಂಬಿದ ಕೂಡಲೇ ಹೊರಡುತ್ತದೆ. ಅಕ್ಕ ಅದನ್ನು ನೋಡಿದವಳೇ, "ಇದು ನಮ್ಮ ಕಡವೇ ಅಲ್ದಾ ಮಾರಾಯ!" ಎಂದಳು. ಕುಂದಾಪುರದ ಕಡೆ ಸೇತುವೆಗಳಾಗುವ ಮೊದಲು ಹೊಳೆಗೊಂದು ಕಡವು ದಾಟಿ ಬೆಳೆದವರು ನಾವು. ಹತ್ತಲು ಕೈಕೊಡಲು ಹೋದರೆ ನನ್ನನ್ನೇ ಆಚೆ ಸರಿಸಿ, ಸೀರೆಯ ನೆರಿಗೆ ಹಿಡಿದು ತಾನೇ ಇಳಿದು ಕುಳಿತಳು.

ದಿನದ ಮಟ್ಟಿಗೆ ಬರುವವರಿಗೆ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕವೂ ಉಂಟು. 2024ರ ಏಪ್ರಿಲ್ 25ರಂದು ಆರಂಭವಾಗಿ ಆ ವರ್ಷ 29 ದಿನ ಐದು ಯೂರೋ ಇತ್ತು. 2025ರಲ್ಲಿ 54 ದಿನಕ್ಕೆ ಏರಿತು, ತಡವಾಗಿ ಕಟ್ಟುವವರಿಗೆ ಹತ್ತು ಯೂರೋ. ರಾತ್ರಿ ತಂಗುವವರಿಗೆ ಶುಲ್ಕವಿಲ್ಲ. ಹೋಗುವ ಮೊದಲು ನಗರಸಭೆಯ ಪ್ರಕಟಣೆ ನೋಡುವುದು ಕ್ಷೇಮ.

ಬರುವವರನ್ನು ಎಣಿಸುವ ಊರಿನಲ್ಲಿ ಬಿಟ್ಟುಹೋದವರನ್ನೂ ಎಣಿಸುತ್ತಾರೆ. ರಿಯಾಲ್ತೊ ಸೇತುವೆಯ ಹತ್ತಿರ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಿಂದ ಊರಿನ ನಿವಾಸಿಗಳ ಸಂಖ್ಯೆಯನ್ನು ಅಂಕಿಗಳಲ್ಲಿ ತೋರಿಸುತ್ತ ಬಂದಿದ್ದಾರೆ. 1951ರಲ್ಲಿ ಒಂದೂಮುಕ್ಕಾಲು ಲಕ್ಷವಿದ್ದ ಜನ 2022ರ ಹೊತ್ತಿಗೆ ಐವತ್ತು ಸಾವಿರಕ್ಕಿಂತ ಕೆಳಗಿಳಿದರು. ಬಾಡಿಗೆ ತಾಳಲಾರದೆ ಎಷ್ಟೋ ಮಂದಿ ಮೇಸ್ತ್ರೆಗೆ ಹೋಗಿ, ಬೆಳಗ್ಗೆ ಅದೇ ಸೇತುವೆಯ ಮೇಲೆ ಕೆಲಸಕ್ಕೆ ಬರುತ್ತಾರೆ. ಪರೇಲು ಬಿಟ್ಟು ಡೊಂಬಿವಲಿಗೆ, ವಿರಾರಿಗೆ ಹೋದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹೊರಡುವ ಮಾತು. ನಾವು ಟಿಕೇಟು ಕೊಂಡ ಮೇಲೆ ಸುದ್ದಿ ಬಂತು: ಹಿಂದಿರುಗುವ ದಿನ ರೈಲು ನೌಕರರ ಮುಷ್ಕರ. ಅಂದು ರಾತ್ರಿಯೇ ಮಿಲಾನಿನಿಂದ ನಮ್ಮ ವಿಮಾನ. ಮುಂಬಯಿ ತಲುಪಿದ ಮೂರನೆಯ ದಿನ ಭಾವನ ಶ್ರಾದ್ಧ. ಆ ದಿನದ ಅಡುಗೆಯನ್ನು ಅಕ್ಕ ಒಂದು ವರ್ಷವೂ ಬೇರೆಯವರ ಕೈಗೆ ಕೊಟ್ಟವಳಲ್ಲ. ವಿಮಾನಕ್ಕೆ ಇನ್ನೊಂದು ಟಿಕೇಟು ಸಿಕ್ಕೀತು, ತಿಥಿ ನಮಗಾಗಿ ಕಾಯುವುದಿಲ್ಲ. ಪ್ರವಾಸವನ್ನೇ ಬಿಟ್ಟುಬಿಡೋಣವೇ ಎಂದು ಮಗ ಕೇಳಿದ. ನನಗೂ ರೈಲಿನವರ ಮೇಲೆ ಸಿಟ್ಟು ಬಂದಿತ್ತು.

ಅಕ್ಕನಿಗೆ ಬರಲಿಲ್ಲ. ಭಾವ ಗಿರಣಿಯ ಕೆಲಸಗಾರ. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದಲ್ಲಿ ಮನೆಗೆ ಕುಳಿತವನು ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ. ಬಳೆ ಮಾರಿ, ಹಪ್ಪಳ ಒತ್ತಿ ಆ ವರ್ಷಗಳನ್ನು ದಾಟಿಸಿದವಳು ಅವಳು. "ಮುಷ್ಕರ ಕಾಣದವಳಾ ನಾನು? ಅವ್ರಿಗೂ ಮನೆ ಉಂಟಲ್ದಾ. ದಾರಿ ಎಂತ ಉಂಟು ಕಾಣು" ಎಂದಳು.

ದಾರಿ ಇತ್ತು. ಇಟಲಿಯ ಕಾನೂನಿನ ಪ್ರಕಾರ ಮುಷ್ಕರವನ್ನು ಹತ್ತು ದಿನ ಮೊದಲೇ ಸಾರಬೇಕು. ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಗಂಟೆಯವರೆಗೆ ಪ್ರಾದೇಶಿಕ ರೈಲುಗಳು ಓಡಬೇಕು. ಕೂಲಿಯವನ ಹಕ್ಕೂ ಉಳಿಯಬೇಕು, ಕೆಲಸಕ್ಕೆ ಹೋಗುವವನ ಹೊಟ್ಟೆಯೂ ತುಂಬಬೇಕು ಎಂಬ ಏರ್ಪಾಡು. ಮಗ ಲೆಕ್ಕ ಹಾಕಿದ: ಬೆಳಗಿನ ರೈಲಿನಲ್ಲಿ ನಾವು ವೆರೋನಾಕ್ಕೆ, ಅಲ್ಲಿಗೆ ಅವನು ಕಾರು ತರುವುದು.

ಐದು ಗಂಟೆಗೆ ಎದ್ದೆವು. ಸೇತುವೆಯಿಲ್ಲದ ಬೀದಿಯ ಬೆಲೆ ತಿಳಿದದ್ದು ಆಗ. ಐದು ನಿಮಿಷದಲ್ಲಿ ನಿಲ್ದಾಣದಲ್ಲಿದ್ದೆವು. ಆರು ದಾಟುತ್ತಿದ್ದಂತೆ ರೈಲು ಹೊರಟಿತು. ಸೇತುವೆಯ ಮೇಲೆ ಎರಡೂ ಕಡೆ ನೀರು, ಎದುರು ಹಳಿಯಲ್ಲಿ ಮೇಸ್ತ್ರೆಯಿಂದ ಕೆಲಸಕ್ಕೆ ಬರುವವರ ರೈಲು. ಅಕ್ಕ ಅವರನ್ನೇ ನೋಡುತ್ತಿದ್ದಳು. ಒಂಬತ್ತರ ಮೊದಲೇ ವೆರೋನಾ, ಮಧ್ಯಾಹ್ನಕ್ಕೆ ಮಗನ ಮನೆ, ರಾತ್ರಿ ವಿಮಾನ. ಶ್ರಾದ್ಧದ ಅಡುಗೆ ಅಕ್ಕನ ಕೈಯಿಂದಲೇ ಆಯಿತು.

ಇದೇ ಹಿನ್ನೀರಿನ ಕಿಯೋಜ್ಜಾ ಎಂಬ ಊರಿನ ನಿಕೊಲೊ ಕಾಂಟಿ ಹದಿನೈದನೆಯ ಶತಮಾನದ ಆರಂಭದಲ್ಲಿ ನಮ್ಮ ವಿಜಯನಗರವನ್ನು ಕಂಡು ಹೋದವನು. ಹೊರಟವನು ಮನೆ ಸೇರಿದ್ದು ದಶಕಗಳ ಮೇಲೆ. ಹಿಂದಿರುಗುವ ದಾರಿಯಲ್ಲಿ ಈಜಿಪ್ಟಿನ ಪ್ಲೇಗಿಗೆ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದ. ಅವನ ಕಾಲದಲ್ಲಿ ಹೋಗುವುದಕ್ಕಿಂತ ಮರಳುವುದೇ ದೊಡ್ಡದಾಗಿತ್ತು. ನಮಗೆ ಈಗ ಎರಡೂ ಸುಲಭ. ಬೇಕಾದದ್ದು ಸ್ವಲ್ಪ ಮುಂದಾಲೋಚನೆ. ವೆನಿಸ್ಸಿಗೆ ಹೊರಡುವ ಸದಸ್ಯರು ಬರುವ ದಾರಿಯ ಜೊತೆಗೇ ಹೊರಡುವ ದಾರಿಯನ್ನೂ, ಅದು ಕಟ್ಟಿದರೆ ಇನ್ನೊಂದನ್ನೂ ಬರೆದಿಟ್ಟುಕೊಳ್ಳಲಿ. ಮನೆಯಲ್ಲಿ ಹಿರಿಯರಿದ್ದರೆ, ಕಾಲು ನೋವೆಂದು ಅವರನ್ನು ಬಿಟ್ಟು ಹೋಗದಿರಲಿ.