ಜೋಡೆತ್ತು ಹೋಗಿ ಆಕಳು ಬಂತು

1972ರ ಮಾರ್ಚ್. ಹೊತ್ತು ಮಾರು ಏರಿಲ್ಲ, ಆಗಲೇ ಬಿಸಿಲು ಚುರುಗುಟ್ಟುತ್ತಿದೆ. ನೀವು ನಿಂತಿರುವುದು ಭೀಮರಾಯನಗುಡಿಯ ದಾರಿಯಲ್ಲಿ. ಶಹಾಪುರ ತಾಲೂಕು, ಗುಲ್ಬರ್ಗಾ ಜಿಲ್ಲೆ, ಮೈಸೂರು ರಾಜ್ಯ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಲು ಇನ್ನೂ ಒಂದೂವರೆ ವರ್ಷ ಬೇಕು, ಯಾದಗಿರಿ ಜಿಲ್ಲೆ ಯಾರ ಎಣಿಕೆಯಲ್ಲೂ ಇಲ್ಲ. ಕೃಷ್ಣೆಯ ಕಾಲುವೆಯೂ ಬಂದಿಲ್ಲ. ಎರಡೂ ಬದಿ ಎರೆಹೊಲ, ಬಿಳಿಜೋಳ ಕೊಯ್ದ ಕೂಳೆ, ಅಲ್ಲಲ್ಲಿ ಕಣಕಿಯ ಬಣವೆ. ಬಂಡಿಗಳು ಮತಗಟ್ಟೆಯ ಕಡೆ ಹೊರಟಿವೆ. ನೀವೂ ಹಿಂದೆ ಹೆಜ್ಜೆ ಹಾಕಿ.

ಶಾಲೆಯ ಹೊರಗೆ, ಬೇವಿನ ನೆರಳಲ್ಲಿ, ಒಂದು ಮೇಜು. ಚೀಟಿ ಬರೆದುಕೊಡುವ ಹುಡುಗನ ಮುಂದೆ ರುಮಾಲಿನ ಮುತ್ಯಾ ಬಾಗಿ ನಿಂತಿದ್ದಾನೆ.

“ಎತ್ತಿನ ಗುರ್ತ ಎಲ್ಲದೋ ತಮ್ಮಾ?”

“ಎತ್ತು ಹೋಗ್ಯಾವ ಮುತ್ಯಾ. ಈಗ ಆಕಳಾ-ಕರಾ.”

“ಮತ್ತ ಈ ರಾಟಿ ಹಿಡಿದಾಕಿ ಯಾರು?”

“ಅದು ಪಾಟೀಲ್ ಸಾಹೇಬ್ರ ಕಾಂಗ್ರೆಸ್.”

ಮುತ್ಯಾ ಸುಮ್ಮನಾದ. ಸ್ವಾತಂತ್ರ್ಯ ಬಂದ ಮೇಲೆ 1967ರವರೆಗಿನ ಚುನಾವಣೆಗಳಲ್ಲೆಲ್ಲ ಕಾಂಗ್ರೆಸ್ ಅಂದರೆ ನೊಗ ಹೊತ್ತ ಜೋಡೆತ್ತು. 1969ರಲ್ಲಿ ಮನೆ ಒಡೆಯಿತು. ಆ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದಲ್ಲೇ ಬಿರುಕು ಎದ್ದು ಕಂಡಿತ್ತು. ನವೆಂಬರ್‌ನಲ್ಲಿ ಪಕ್ಷದ ಅಧ್ಯಕ್ಷ ನಿಜಲಿಂಗಪ್ಪನವರು ಪ್ರಧಾನಿ ಇಂದಿರಾ ಗಾಂಧಿಯನ್ನೇ ಹೊರಹಾಕಿದರು. ಎತ್ತಿಗಾಗಿ ಇಬ್ಬರೂ ಜಗಳವಾಡಿ, 1971ರ ಲೋಕಸಭಾ ಚುನಾವಣೆಗೆ ಇಬ್ಬರಿಗೂ ಎತ್ತು ದಕ್ಕಲಿಲ್ಲ. ಇಂದಿರಾ ಕಡೆಗೆ ಆಕಳು-ಕರು, ಹಳಬರ ಕಡೆಗೆ ಚರಕ ನೂಲುವ ಹೆಂಗಸು. ಹಳಬರ ಕಡೆ ನಿಂತ ವೀರೇಂದ್ರ ಪಾಟೀಲರು ಇದೇ ಗುಲ್ಬರ್ಗಾ ಜಿಲ್ಲೆಯ ಚಿಂಚೋಳಿಯವರು, 1968ರಿಂದ 71ರವರೆಗೆ ಮುಖ್ಯಮಂತ್ರಿ. ನಮ್ಮ ಜಿಲ್ಲೆಯವರು ಅನ್ನುವ ಅಭಿಮಾನ ಒಂದು ಕಡೆ ಜಗ್ಗಿದರೆ ಇಂದಿರಮ್ಮ ಇನ್ನೊಂದು ಕಡೆ.

ಸಾಲು ನಿಧಾನ ಸರಿಯುತ್ತಿದೆ. ನಿಮ್ಮ ಮುಂದೆ ನಿಂತವನು ಪತ್ತಾರ. ಬೆರಳ ತುದಿಯಲ್ಲಿ ಹಳೆಯ ಸುಟ್ಟ ಕಲೆ, ಆದರೆ ಕೈಯಲ್ಲಿ ಕೆಲಸವಿಲ್ಲ. ಅವನಿಗೆ ಕಾಂಗ್ರೆಸ್ ಒಡೆದದ್ದಕ್ಕಿಂತ ಹಳೆಯ ಲೆಕ್ಕವೊಂದಿದೆ. 1962ರಲ್ಲಿ ಹಿಮಾಲಯದಲ್ಲಿ ಚೀನಾದೊಡನೆ ಯುದ್ಧ. ಮರುವರ್ಷ ಜನವರಿಯಲ್ಲಿ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನದ ಮೇಲೆ ನಿಯಂತ್ರಣ ತಂದರು. ಹೊಸ ಒಡವೆ 14 ಕ್ಯಾರೆಟ್ ಮೀರಬಾರದು. ಆ ಚಿನ್ನ ಯಾರಿಗೆ ಬೇಕು? ಮದುವೆಗೆ ತಾಳಿ ಮಾಡಿಸುವವರು ಬರುವುದು ನಿಂತಿತು, ಮೂಸೆ ಆರಿತು, ಊದುಗೊಳವೆ ಅಟ್ಟ ಸೇರಿತು. ನಿಯಮ ಆಮೇಲೆ ಸಡಿಲಾಯಿತು, ಆದರೆ ಕೈಬಿಟ್ಟು ಹೋದ ಗಿರಾಕಿ ಸಲೀಸಾಗಿ ತಿರುಗಿ ಬರುವುದಿಲ್ಲ. ಆ ಮೊರಾರ್ಜಿ ಈಗ ರಾಟಿಯ ಕಡೆ ಇದ್ದಾರೆ. ಪತ್ತಾರನ ಓಟು ಎಲ್ಲಿಗೆ ಎಂದು ಕೇಳಬೇಕಾಗಿಲ್ಲ.

ಶಾಲೆಯ ಗೋಡೆಗೆ ಒರಗಿ ಅಂಚೆಯವನು ಬೀಡಿ ಸೇದುತ್ತಿದ್ದಾನೆ. ಅವನ ಚೀಲದಿಂದ ಹಣಕಿರುವ ಲಕೋಟೆಯನ್ನು ಹತ್ತಿರದಿಂದ ನೋಡಿ. ಮಾಮೂಲಿ ಸ್ಟಾಂಪಿನ ಪಕ್ಕ ಇನ್ನೊಂದು 5 ಪೈಸೆಯದು. ಕುಟುಂಬ ಯೋಜನೆಯ ಚಿತ್ರದ ಮೇಲೆ ನಿರಾಶ್ರಿತರ ಪರಿಹಾರ ಎಂದು ಕಪ್ಪು ಮಸಿಯಲ್ಲಿ ಒತ್ತಿದ್ದಾರೆ. ಪೂರ್ವ ಪಾಕಿಸ್ತಾನದಿಂದ ಗಡಿ ದಾಟಿ ಬಂದ ಸುಮಾರು ಒಂದು ಕೋಟಿ ಜನರಿಗಾಗಿ ಕಳೆದ ನವೆಂಬರ್‌ನಿಂದ ಹೇರಿದ ತೆರಿಗೆ. ಢಾಕಾ ಎಲ್ಲಿದೆ ಎಂದು ಕೇಳಿದರೆ ಶಹಾಪುರದಲ್ಲಿ ಹತ್ತರಲ್ಲಿ ಒಂಬತ್ತು ಜನ ಕೈ ಆಡಿಸಿಯಾರು. ಆದರೂ ಅಲ್ಲಿಯ ಯುದ್ಧದ ಪಾಲಿನ 5 ಪೈಸೆಯನ್ನು ಇಲ್ಲಿ ಕಾಗದ ಬರೆಯುವವನು ಕೊಡುತ್ತಿದ್ದಾನೆ.

ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 13 ದಿನಗಳಲ್ಲಿ ಮುಗಿಯಿತು. 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಹೋಟೆಲಿನ ರೇಡಿಯೋ ಮುಂದೆ ಚಹಾ ಕುಡಿಯದೆಯೇ ನಿಂತವರ ಗುಂಪಿಗೆ, ದೆಹಲಿಯಲ್ಲಿರುವ ಹೆಣ್ಣುಮಗಳೊಬ್ಬಳು ಗೆದ್ದಳು ಅನ್ನುವಷ್ಟು ಸಾಕಿತ್ತು.

ಯುದ್ಧವೇ ಎಲ್ಲ ಮಾಡಿತು ಅಂದರೆ ಅದು ಸುಳ್ಳಾದೀತು. ಯುದ್ಧಕ್ಕೆ ಒಂಬತ್ತು ತಿಂಗಳು ಮೊದಲೇ, ಗರೀಬಿ ಹಟಾವೋ ಕೂಗಿನಲ್ಲಿ, ರಾಜ್ಯದ 27 ಲೋಕಸಭಾ ಸ್ಥಾನಗಳಲ್ಲಿ 27ನ್ನೂ ಇಂದಿರಾ ಕಾಂಗ್ರೆಸ್ ಬಾಚಿಕೊಂಡಿತ್ತು. ಆದರೆ ಹಳಬರಿಗೆ ಒಂದು ಆಸೆ ಉಳಿದಿತ್ತು: ವಿಧಾನಸಭೆ ಬೇರೆ, ಇಲ್ಲಿ ಗೌಡ, ಪಾಟೀಲ, ಸಾಹುಕಾರರ ಮಾತು ನಡೆಯುತ್ತದೆ ಎಂದು. ಆ ಆಸೆಯನ್ನು ಮುಗಿಸಿದ್ದು ಢಾಕಾ.

ಯುದ್ಧ ಯಾವಾಗಲೂ ಆಳುವವರ ಕೈ ಹಿಡಿಯಿತು ಎಂದಲ್ಲ. ಇಲ್ಲಿಂದ ಪಶ್ಚಿಮಕ್ಕೆ ಆಲಮಟ್ಟಿಯಲ್ಲಿ 1964ರ ಮೇ 22ರಂದು ಅಣೆಕಟ್ಟಿಗೆ ಅಡಿಗಲ್ಲು ಇಟ್ಟವರು ಲಾಲ್ ಬಹದ್ದೂರ್ ಶಾಸ್ತ್ರಿ. ಮುಂದಿನ ತಿಂಗಳು ಪ್ರಧಾನಿಯಾದರು. ಮರುವರ್ಷದ ಯುದ್ಧ ಅವರನ್ನು ಮನೆಮಾತಾಗಿಸಿತು, ಸೋಮವಾರ ಸಂಜೆ ಒಂದು ಹೊತ್ತು ಊಟ ಬಿಡಿ ಎಂಬ ಮಾತನ್ನು ಜನ ಕೇಳಿದರು. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ತೀರಿಕೊಂಡರು. ಆಮೇಲೆ ಬರ. ಅಮೆರಿಕದ ಗೋಧಿಯ ಹಡಗಿಗೆ ಕಾಯುವ ಕಾಲ. ವಿಯೆಟ್ನಾಮಿನ ಮೇಲೆ ಬಾಂಬು ಹಾಕುವುದನ್ನು ನಿಲ್ಲಿಸಿ ಎಂದು ಭಾರತ ಹೇಳಿದ್ದಕ್ಕೆ ಸಿಟ್ಟಾಗಿದ್ದ ಅಧ್ಯಕ್ಷ ಜಾನ್ಸನ್ ಕೈ ಬಿಗಿಹಿಡಿದು ಕಾಳು ಕಳಿಸುತ್ತಿದ್ದರು. 1967ರಲ್ಲಿ ಮದ್ರಾಸ್, ಬಂಗಾಳ, ಬಿಹಾರಗಳಲ್ಲಿ ಕಾಂಗ್ರೆಸ್ ಬಹುಮತ ಕಳೆದುಕೊಂಡಿತು. ಆದರೆ ಮೈಸೂರು 216ರಲ್ಲಿ 126 ಕೊಟ್ಟು ಉಳಿಸಿಕೊಂಡಿತು. ಆ ಉಳಿಕೆಯ ಬಲದಲ್ಲೇ ನಿಜಲಿಂಗಪ್ಪನವರು ದೆಹಲಿಯವರೆಗೆ ಹೋದದ್ದು.

ನಿಮ್ಮ ಸರದಿ ಬಂತು. ಮೈಸೂರಿನ ಕಾರ್ಖಾನೆಯ ಮಸಿ ಎಡಗೈ ತೋರುಬೆರಳಿಗೆ ತಣ್ಣಗೆ ಹತ್ತಿತು. ಮರೆಯಲ್ಲಿ ಠಸ್ಸೆ ಒತ್ತಿ, ಚೀಟಿ ಮಡಚಿ, ಪೆಟ್ಟಿಗೆಯ ಸೀಳಿಗೆ ಇಳಿಬಿಡಿ.

ಎಣಿಕೆ ಮುಗಿದಾಗ ಇಂದಿರಾ ಕಾಂಗ್ರೆಸ್ಸಿಗೆ 165, ರಾಟಿಗೆ 24. ಮಾರ್ಚ್ 20ಕ್ಕೆ ದೇವರಾಜ ಅರಸು ಮುಖ್ಯಮಂತ್ರಿ. ಈ ಚುನಾವಣೆಗೆ ಅವರು ನಿಂತೂ ಇರಲಿಲ್ಲ. ಪಕ್ಕದ ಗುರುಮಿಠಕಲ್‌ನಿಂದ 29ರ ವಯಸ್ಸಿನ ವಕೀಲ ಮಲ್ಲಿಕಾರ್ಜುನ ಖರ್ಗೆ ಮೊದಲ ಸಲ ಗೆದ್ದರು. ಐವತ್ತು ವರ್ಷದ ಮೇಲೆ, 2022ರಲ್ಲಿ, ನಿಜಲಿಂಗಪ್ಪನವರು ಕೂತಿದ್ದ ಅದೇ ಎಐಸಿಸಿ ಅಧ್ಯಕ್ಷರ ಕುರ್ಚಿಗೆ ಬಂದರು.

ಯುದ್ಧದ ಅಲೆ ಬೇಗ ಇಳಿಯಿತು. 1973ರ ಅಕ್ಟೋಬರ್‌ನಲ್ಲಿ ಈಜಿಪ್ಟ್, ಸಿರಿಯಾಗಳು ಇಸ್ರೇಲಿನ ಮೇಲೆ ಬಿದ್ದವು, ಎಣ್ಣೆಯ ಬೆಲೆ ಏರಿತು, ಸೀಮೆಎಣ್ಣೆ ಡಬ್ಬಿ ಹಿಡಿದ ಸಾಲು ಬೆಳೆಯಿತು. ಗುಜರಾತಿನಲ್ಲಿ, ಬಿಹಾರದಲ್ಲಿ ಬೀದಿ ಹೊತ್ತಿತು. ಇತ್ತ 1974ರ ಮಾರ್ಚ್ 1ರಿಂದ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ಗೇಣಿದಾರರು ಫಾರಂ ನಂಬರ್ 7 ತುಂಬಿಸಿಕೊಳ್ಳಲು ತಹಶೀಲ್ ಕಚೇರಿಯ ಜಗಲಿಯಲ್ಲಿ ಕೂತರು. 1977ರಲ್ಲಿ ಉತ್ತರ ಭಾರತ ಇಂದಿರಾರನ್ನು ಗುಡಿಸಿಹಾಕಿದಾಗಲೂ ಕರ್ನಾಟಕ 28ರಲ್ಲಿ 26 ಸ್ಥಾನ ಅವರ ಪಕ್ಷಕ್ಕೇ ಕೊಟ್ಟಿತು. ಅಷ್ಟು ಹೊತ್ತಿಗೆ ಢಾಕಾದ ಮಾತು ಯಾರ ಬಾಯಲ್ಲೂ ಇರಲಿಲ್ಲ. ಜನ ಕೇಳುತ್ತಿದ್ದದ್ದು ಆ ಫಾರಂ ವಿಚಾರಿಸುವ ಭೂನ್ಯಾಯಮಂಡಳಿಯ ತಾರೀಖು ಯಾವಾಗ ಎಂದು.